ಭರಮಪ್ಪನ ತೊಟ್ಟಿಲ ವಹಿ

ಕಲಘಟಗಿಯ ಭರಮಪ್ಪ ಚಿತ್ರಗಾರನಿಗೆ ಜೀವಮಾನದಲ್ಲಿ ಒಂದೇ ಒಂದು ವಿಷಯದಲ್ಲಿ ಸೊಕ್ಕಿತ್ತು. ಅದು ಅವನ ಬಣ್ಣಗಾರಿಕೆಯ ಬಗ್ಗೆ ಅಲ್ಲ. ತನಗಿಂತ ಚೆಂದಾಗಿ ತೊಟ್ಟಿಲಿಗೆ ಬಣ್ಣ ಹಾಕುವವರು ಅದೇ ಓಣಿಯಲ್ಲಿ ಇಬ್ಬರಿದ್ದಾರೆಂದು ಅವನೇ ಒಪ್ಪಿಕೊಳ್ಳುತ್ತಿದ್ದ. ಸೊಕ್ಕಿದ್ದದ್ದು ತನ್ನ ಬಾಯಿಯ ಬಗ್ಗೆ. ಐವತ್ತೆಂಟು ವರ್ಷದಲ್ಲಿ ಯಾವ ಮನೆಯಲ್ಲಿ ಯಾರು ಬಸುರಿ ಎಂಬ ಮಾತು ತನ್ನ ಬಾಯಿಂದ ಹೊರಗೆ ಬಿದ್ದಿಲ್ಲ ಎಂದು ಅವನು ಎದೆ ತಟ್ಟಿ ಹೇಳಬಲ್ಲವನಾಗಿದ್ದ. ಸುಮ್ಮನಿರಬಾರದೆ, ಆಗಾಗ ಹೇಳುತ್ತಲೂ ಇದ್ದ.

ಈ ಕಸುಬು ತಿಳಿಯದವರಿಗೆ ಇದರಲ್ಲೇನು ದೊಡ್ಡಸ್ತಿಕೆ ಎನಿಸೀತು. ಕಲಘಟಗಿಯ ತೊಟ್ಟಿಲು ಅಂಗಡಿಗೆ ಹೋಗಿ ಹೊತ್ತು ತರುವ ಕುರ್ಚಿಯಲ್ಲ. ಸಾಗವಾನಿ ಕಟ್ಟಿಗೆ ಬಡಗಿಯ ಕೈ ದಾಟಿ ಬಂದು, ಅದಕ್ಕೆ ಅರಗಿನ ಬಣ್ಣ ಹತ್ತಿ, ನಾಲ್ಕೂ ಮಗ್ಗುಲಿಗೆ ಆ ಮನೆಯವರು ಬೇಡಿದ ಚಿತ್ರ ಮೂಡಬೇಕಾದರೆ ಎರಡು ಮೂರು ತಿಂಗಳು ಬೇಕು. ಅಂದರೆ ಕೂಸು ಹುಟ್ಟುವ ಮೊದಲೇ ಬಸುರಿಯ ತವರಿನವರು ಬಂದು ಹೇಳಿ ಹೋಗಬೇಕು. ಹೇಳುವುದೋ, ದೃಷ್ಟಿಯಾದೀತೆಂದು ನೆರೆಮನೆಯವರಿಗೂ ಬಿಟ್ಟುಕೊಡದ ಮಾತು. ಹೆಣ್ಣುಮಕ್ಕಳು ಸಂತೆಗೆ ಬಂದವರ ಹಾಗೆ ಬಂದು, ಕಟ್ಟೆಯ ಮೇಲೆ ಕೂತು, ನೀರು ಕುಡಿದು, ಮಳೆ ಬೆಳೆಯ ಸುದ್ದಿ ಮಾತಾಡಿ, ಏಳುವ ಹೊತ್ತಿಗೆ ಸಣ್ಣ ದನಿಯಲ್ಲಿ ‘ಶ್ರಾವಣಕ್ಕ ಒಂದು ಬೇಕಾಗಿತ್ರಿ’ ಎನ್ನುತ್ತಿದ್ದರು. ಏನು ಬೇಕಾಗಿತ್ತು ಎಂದು ಭರಮಪ್ಪ ಕೇಳುತ್ತಿರಲಿಲ್ಲ. ಮುಗಿದ ತೊಟ್ಟಿಲು ಕೂಸು ಹುಟ್ಟಿದ ಸುದ್ದಿ ಬರುವವರೆಗೆ ಅವನ ಪಡಸಾಲೆಯಲ್ಲಿ ಕಂಬಳಿ ಹೊದ್ದು ಕೂತಿರುತ್ತಿತ್ತು. ಬಸ್ಸಿನ ನೆತ್ತಿಯ ಮೇಲೆ ಹೋಗುವಾಗಲೂ ಕಂಬಳಿ ಸರಿಯುವಂತಿರಲಿಲ್ಲ.

ಅವನ ಅಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ. ಪಡಸಾಲೆಯ ಗೂಟಕ್ಕೆ ನೂಲಿನ ಎಳೆಗಳನ್ನು ಕಟ್ಟಿಕೊಂಡಿದ್ದ. ಒಂದು ತೊಟ್ಟಿಲಿಗೆ ಒಂದು ಎಳೆ, ಇನ್ನೆಷ್ಟು ತಿಂಗಳು ಉಳಿದಿವೆಯೋ ಅಷ್ಟು ಗಂಟು. ಯಾವ ಎಳೆ ಯಾರದು ಎಂಬುದು ಅವನೊಬ್ಬನ ತಲೆಯಲ್ಲಿ. ತೊಟ್ಟಿಲು ಹೊಸಿಲು ದಾಟಿದ ದಿನ ಆ ಎಳೆಯನ್ನು ಬಿಚ್ಚಿ ದೇವರ ಮುಂದಿನ ಪಣತಿಗೆ ಬತ್ತಿ ಮಾಡಿ ಹಚ್ಚಿಬಿಡುತ್ತಿದ್ದ. ಯಾಕಪ್ಪಾ ಎಂದು ಭರಮಪ್ಪ ಸಣ್ಣವನಿದ್ದಾಗ ಕೇಳಿದ್ದಕ್ಕೆ, ಅವರ ಕೆಲಸ ಮುಗಿಯಿತಲ್ಲ, ಇನ್ನು ಅವರ ಗಂಟು ನಮ್ಮ ಮನೆಯಲ್ಲಿ ಯಾಕಿರಬೇಕು ಎಂದಿದ್ದನಂತೆ.

ಭರಮಪ್ಪ ನಾಲ್ಕನೆಯ ಇಯತ್ತೆ ಓದಿದವನು. ಅಕ್ಷರ ದುಂಡಗಿದ್ದವು. ಅಪ್ಪ ಮುದುಕನಾಗಿ ಒಮ್ಮೆ ಎರಡು ಎಳೆ ಅದಲುಬದಲು ಮಾಡಿ, ಗಿಳಿ ಬೇಕೆಂದವರಿಗೆ ಆನೆ ಕಳಿಸಿ ರಾದ್ಧಾಂತವಾದ ಮೇಲೆ, ಮಗ ಹುಬ್ಬಳ್ಳಿಯಿಂದ ಕೆಂಪು ಬಟ್ಟೆಯ ರಟ್ಟಿನ ವಹಿ ತಂದ. ಅಂದಿನಿಂದ ಯಾರು, ಯಾವ ಊರು, ಮಗಳ ಹೆಸರೇನು, ಎಲ್ಲಿಗೆ ಕೊಟ್ಟದ್ದು, ಯಾವ ತಿಂಗಳು, ಯಾವ ಚಿತ್ರ, ಎಲ್ಲವನ್ನೂ ಬರೆದಿಟ್ಟ. ಇಪ್ಪತ್ತೆರಡು ವರ್ಷ ಬರೆದ. ಒಂದೇ ಒಂದು ಸಾಲನ್ನೂ ಹೊಡೆದುಹಾಕಲಿಲ್ಲ. ಅಪ್ಪ ಬತ್ತಿ ಹಚ್ಚಿದ ಗಂಟುಗಳ ನೆನಪು ಅವನಿಗೆ ಬರಲಿಲ್ಲ. ಅಷ್ಟು ದುಂಡಗಿನ ಅಕ್ಷರ ಸುಡಲು ಯಾರಿಗೆ ಮನಸ್ಸು ಬಂದೀತು?

೧೯೮೪ರ ಬೇಸಿಗೆಯಲ್ಲಿ ಕುಂದಗೋಳದ ಕಡೆಯ ಸಂಶಿಯಿಂದ ಗೌರಕ್ಕ ಬಂದಳು. ನಲವತ್ತೈದರ ಗಟ್ಟಿ ಹೆಂಗಸು, ಮಾತು ಕಡಿಮೆ. ಏಳುವ ಹೊತ್ತಿಗೆ ಶ್ರಾವಣ ಎಂದಳು. ಎರಡು ಸಲ ಬಸುರು ನಿಂತಿಲ್ಲ, ಈ ಸಲ ಏಳು ತಿಂಗಳು ಮುಟ್ಟುವವರೆಗೆ ಬಾಯಿ ಬಿಡಬಾರದೆಂದು ಇದ್ದೆವು ಎಂದೂ ಅಂದಳು. ಅವಳು ಹೋದ ಮೇಲೆ ಭರಮಪ್ಪ ವಹಿ ತೆಗೆದು ಬರೆದ: ‘ಸಂಶಿ ಗೌರಕ್ಕ. ಮಗಳು ಕಸ್ತೂರೆವ್ವ, ಶಲವಡಿಗೆ ಕೊಟ್ಟದ್ದು, ಗಂಡ ಶಂಕ್ರಪ್ಪ. ಶ್ರಾವಣ. ಗಿಳಿ, ಬಸವಣ್ಣ.’ ಎರಡು ಸಲ ನಿಂತಿಲ್ಲ ಎಂಬುದನ್ನು ಮಾತ್ರ ಬರೆಯಲಿಲ್ಲ. ಅಷ್ಟು ಬುದ್ಧಿ ಇತ್ತು, ಪುಣ್ಯಕ್ಕೆ.

ಆಷಾಢದಲ್ಲಿ ಕೆಲಸ ಕಡಿಮೆ. ಅಂಥ ಒಂದು ಮಧ್ಯಾಹ್ನ ಹುಬ್ಬಳ್ಳಿ ಬಸ್ಸಿನಿಂದ ಸಫಾರಿ ಸೂಟಿನ ಮನುಷ್ಯನೊಬ್ಬ ಇಳಿದು ಬಂದ. ಮಕ್ಕಳಿಗೆ ಕುಡಿಸುವ ಡಬ್ಬಿಹಾಲಿನ ಕಂಪನಿಯವನು. ಕೈಚೀಲದಲ್ಲಿ ಬಣ್ಣಬಣ್ಣದ ಕಾಗದ, ಬಾಯಲ್ಲಿ ಬೆಲ್ಲ. ತೊಟ್ಟಿಲುಗಳನ್ನು ಸುತ್ತಿ ಸುತ್ತಿ ನೋಡಿದ, ಗಿಳಿಯ ಕೊಕ್ಕನ್ನು ಬೆರಳಿಂದ ಮುಟ್ಟಿದ, ಕೊನೆಗೆ ಭರಮಪ್ಪನ ಎದುರು ಕೂತು ಕೇಳಿದ:

“ಇಷ್ಟ ಛಂದ ಕೆಲಸಾ ಮಾಡ್ತೀರಿ, ನಿಮ್ಮ ಹೆಸರು ಯಾವ ತೊಟ್ಟಿಲ ಮ್ಯಾಲರೆ ಐತೇನ್ರಿ?”

ಇರಲಿಲ್ಲ. ಚಿತ್ರಗಾರರು ತೊಟ್ಟಿಲಿಗೆ ಹೆಸರು ಹಾಕುವ ಪದ್ಧತಿ ಇಲ್ಲ. ಮೂವತ್ತೈದು ವರ್ಷದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ಸಫಾರಿಯವನು ಹೇಳಿದ್ದು ಇಷ್ಟು: ದೀಪಾವಳಿಗೆ ಕಂಪನಿ ಒಂದು ಕ್ಯಾಲೆಂಡರ್ ಮಾಡಿಸುತ್ತದೆ. ಅದರಲ್ಲಿ ನಿಮ್ಮ ತೊಟ್ಟಿಲಿನ ಫೋಟೋ, ಕೆಳಗೆ ನಿಮ್ಮ ಹೆಸರು. ನಿಮ್ಮಲ್ಲಿ ತೊಟ್ಟಿಲು ಮಾಡಿಸಿದವರ ಮನೆಗೆಲ್ಲ ಬಿಟ್ಟಿ ಕಳಿಸುತ್ತೇವೆ. ಅವರ ವಿಳಾಸ ಬೇಕು, ಅಷ್ಟೇ.

ಭರಮಪ್ಪ ಎದ್ದು ವಹಿ ತಂದುಕೊಟ್ಟ. ಒಳಗಿನಿಂದ ಹೆಂಡತಿ ಅನ್ನವ್ವ, ಬಂದವನ ಗುರುತು ಪರಿಚಯ ಇಲ್ಲ, ಆ ವಹಿ ಯಾಕೆ ಕೊಡುತ್ತೀರಿ ಎಂದು ಗೊಣಗಿದಳು. ಅದಕ್ಕೆ ಅವನು ಕೊಟ್ಟ ಉತ್ತರವನ್ನು ಕಲಘಟಗಿಯ ಜನ ಆಮೇಲೆ ಬಹಳ ದಿನ ಆಡಿಕೊಂಡರು.

“ನಾ ಎಲ್ಲಿ ಬಾಯಿ ಬಿಟ್ಟೆ? ಅವಾ ಓದಕೋಳಾಕತ್ತಾನ.”

ನಗಬೇಡಿ. ಅವನು ಅದನ್ನು ನಿಜವಾಗಿ ನಂಬಿದ್ದ. ಆ ಮಧ್ಯಾಹ್ನವಿಡೀ ಅವನು ಒಂದು ಹೆಸರನ್ನೂ ಬಾಯಿಬಿಟ್ಟು ಉಚ್ಚರಿಸಲಿಲ್ಲ. ಸಫಾರಿಯವನಿಗೆ ಅಕ್ಷರ ತಿಳಿಯದಿದ್ದಲ್ಲಿ ಭರಮಪ್ಪ ತುಟಿ ಬಿಗಿಹಿಡಿದು, ಪೆನ್ಸಿಲ್ಲಿನಿಂದ ಅದೇ ಹೆಸರನ್ನು ದೊಡ್ಡದಾಗಿ ತಿದ್ದಿ ತೋರಿಸಿದ. ಎರಡು ವರ್ಷದ ನಲವತ್ತಮೂರು ಮನೆಗಳು ಆ ಮನುಷ್ಯನ ಕಾಗದಕ್ಕೆ ಇಳಿದವು, ತಿಂಗಳಿನ ಸಮೇತ. ಚಹಾ ಕುಡಿದು, ಕೈಮುಗಿದು, ನಾಲ್ಕು ಗಂಟೆಯ ಬಸ್ಸಿಗೆ ಹೋದ. ಅವನ ಹೆಸರೇನೆಂದು ಭರಮಪ್ಪ ಕೇಳಲಿಲ್ಲ.

ಶ್ರಾವಣದಲ್ಲಿ ಸಂಶಿಯಿಂದ ಆಳೊಬ್ಬ ಬಂದು, ಕಸ್ತೂರೆವ್ವನ ಕೂಸು ಮೂರು ದಿನ ಇದ್ದು ಹೋಯಿತು, ತೊಟ್ಟಿಲು ಸದ್ಯ ಇಲ್ಲೇ ಇರಲಿ ಎಂದು ಹೇಳಿ ಹೋದ. ಖಾಲಿ ತೊಟ್ಟಿಲು ಇಡಬಾರದೆಂದು ಭರಮಪ್ಪ ಒಳಕಲ್ಲಿನ ಗುಂಡನ್ನು ಅದರೊಳಗೆ ಮಲಗಿಸಿ ಕಂಬಳಿ ಎಳೆದ. ಆ ರಾತ್ರಿ ಅವನಿಗೆ ಊಟ ಸೇರಲಿಲ್ಲ. ಗಿಳಿಯ ರೆಕ್ಕೆಗೆ ಆ ಸಲ ಹಸಿರು ಅಗದಿ ಛಲೋ ಕೂತಿತ್ತು.

ದೀಪಾವಳಿಗೆ ಕ್ಯಾಲೆಂಡರ್ ಬಂತು. ಅದರಲ್ಲಿ ಹಳದಿ ಕೂದಲಿನ, ಬೆಣ್ಣೆಯ ಮುದ್ದೆಯಂಥ ಯಾವ ದೇಶದ್ದೋ ಕೂಸು ಡಬ್ಬಿ ಅಪ್ಪಿಕೊಂಡು ಕೂತಿತ್ತು. ತೊಟ್ಟಿಲೂ ಇಲ್ಲ, ಭರಮಪ್ಪನ ಹೆಸರೂ ಇಲ್ಲ. ಅನ್ನವ್ವ ಅದನ್ನು ಒಲೆಯ ಹಿಂದಿನ ಗೋಡೆಗೆ ಹೊಡೆದು, ಮಸಿ ಹಿಡಿಯಲಿ ಎಂದಳು. ಅಷ್ಟಕ್ಕೇ ಮುಗಿದಿದ್ದರೆ ಇದನ್ನು ಹೇಳುವ ಕೆಲಸವೇ ಇರಲಿಲ್ಲ.

ಕಾರ್ತಿಕ ಮುಗಿಯುವ ಹೊತ್ತಿಗೆ ಗೌರಕ್ಕ ಬಂದಳು. ನೀರು ಕುಡಿಯಲಿಲ್ಲ, ಕೂಡಲಿಲ್ಲ. ಸೊಂಟದ ಚೀಲದಿಂದ ಮೂರು ಕಾರ್ಡು ತೆಗೆದು ಮೇಲಿನದನ್ನು ಓದಿರೆಂದಳು. ಅಚ್ಚು ಹಾಕಿದ ಕಾರ್ಡು, ಹೆಸರಿನ ಜಾಗದಲ್ಲಿ ಮಾತ್ರ ನೀಲಿ ಶಾಯಿ. ‘ಪ್ರಿಯ ತಾಯಿ ಕಸ್ತೂರೆವ್ವ ಅವರೇ, ನಿಮ್ಮ ಮುದ್ದು ಕಂದನಿಗೆ ಈಗ ಮೂರು ತಿಂಗಳು. ನಿಮ್ಮ ದನಿ ಕೇಳಿದ ಕಡೆ ಕತ್ತು ಹೊರಳಿಸುತ್ತಿದೆಯೇ? ನಗುತ್ತಿದೆಯೇ?’ ಕೆಳಗೆ ಡಬ್ಬಿಯ ಚಿತ್ರ.

ಶಲವಡಿಯಲ್ಲಿ ಮೊದಲ ಕಾರ್ಡನ್ನು ಟಪಾಲಿನವನು ಮನೆಯ ಮುಂದೆ ನಿಂತು ಎಲ್ಲರಿಗೂ ಕೇಳುವಂತೆ ಓದಿದ್ದನಂತೆ, ಸಂತೋಷದ ಪತ್ರವೆಂದು. ಅತ್ತೆ, ಯಾರೋ ವೈರಿಗಳು ಬೇಕೆಂದು ಚುಚ್ಚುತ್ತಿದ್ದಾರೆಂದು ಓಣಿಯವರಿಗೆಲ್ಲ ಶಾಪ ಹಾಕಿದಳಂತೆ. ಕಸ್ತೂರೆವ್ವ ಬಾಗಿಲ ಹಿಂದೆ ನಿಂತಿದ್ದವಳು ನಿಂತೇ ಇದ್ದಳಂತೆ. ಗೌರಕ್ಕ ಇದನ್ನೆಲ್ಲ ಅಳದೆ ಹೇಳಿದಳು.

“ಶ್ರಾವಣ ಅಂತ ನಾ ಹೊರಗಿನವರ ಪೈಕಿ ಹೇಳಿದ್ದು ಇಬ್ಬರಿಗೆ. ಒಬ್ಬಾಕಿ ಸೂಲಗಿತ್ತಿ, ಆಕಿಗೆ ಓದಾಕ ಬರಿಯಾಕ ಬರೂದಿಲ್ಲ. ಇನ್ನೊಬ್ಬರು ನೀವು.”

ನಾನು ಬಾಯಿ ಬಿಟ್ಟಿಲ್ಲ ತಾಯಿ ಎಂಬ ಮಾತು ಭರಮಪ್ಪನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಕಣ್ಣು ಗೂಡಿನಲ್ಲಿದ್ದ ಕೆಂಪು ವಹಿಯ ಮೇಲೆ ಹೋಯಿತು. ಅವನಿಗೆ ಒಮ್ಮೆಲೇ ಎಲ್ಲ ತಿಳಿಯಿತು. ಸುಳ್ಳು ಹೇಳಲಿಲ್ಲ. ಸಫಾರಿಯವನು, ಕ್ಯಾಲೆಂಡರು, ಪೆನ್ಸಿಲ್ಲು, ಎಲ್ಲವನ್ನೂ ಹೇಳಿದ. ಗೌರಕ್ಕ ಬೈಯುತ್ತಾಳೆಂದು ಕಾದ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

“ನಿಲ್ಲಸ್ರಿ ಇದನ್ನ,” ಎಂದಳು. ಕಾರ್ಡು ಮಡಚಿ ಚೀಲಕ್ಕೆ ಹಾಕಿಕೊಂಡು ಹೋದಳು.

ನಿಲ್ಲಿಸುವುದು ಎಷ್ಟರ ಕೆಲಸ ಎಂದುಕೊಂಡ ಭರಮಪ್ಪ. ಕೊಟ್ಟದ್ದನ್ನು ತಿರುಗಿ ಇಸಿದುಕೊಂಡರಾಯಿತು. ಮರುದಿನವೇ ಧೋತರ ಬದಲಿಸಿ ಹುಬ್ಬಳ್ಳಿಗೆ ಹೋಗಿ, ಕಾರ್ಡಿನ ಮೇಲಿದ್ದ ಗುರುತು ಹಿಡಿದು, ಸ್ಟೇಶನ್ನಿನ ಹತ್ತಿರದ ಮಾಳಿಗೆಯ ಮೇಲೆ ಕಂಪನಿಯ ಕಚೇರಿ ಹುಡುಕಿದ. ಅಲ್ಲೊಬ್ಬ ಕಾರಕೂನ ಇದ್ದ, ಕನ್ನಡಕದ ಮೇಲಿಂದ ನೋಡುವವನು. ಯಾರಿಗೆ ಕೊಟ್ಟಿರಿ ಎಂದ. ಸಫಾರಿ ಸೂಟಿನವನಿಗೆ ಎಂದ ಭರಮಪ್ಪ. ಇಲ್ಲಿ ಎಲ್ಲರೂ ಸಫಾರಿ ಸೂಟಿನವರೇ, ಹೆಸರೇನು ಎಂದ. ನಲವತ್ತಮೂರು ಹೆಸರು ಎತ್ತಿಕೊಟ್ಟವನ ಬಳಿ ತಿರುಗಿ ಕೇಳಲು ಒಂದು ಹೆಸರು ಇರಲಿಲ್ಲ.

ಕಾರಕೂನ ಕೆಟ್ಟವನಲ್ಲ, ಅದೇ ಇನ್ನೂ ಸಿಟ್ಟು ತರುವ ಸಂಗತಿ. ಸಮಾಧಾನದಿಂದ ತಿಳಿಸಿ ಹೇಳಿದ. ಯಾದಿ ಇಲ್ಲಿಲ್ಲ, ಮುಂಬೈ ಆಫೀಸಿಗೆ ಹೋಗಿದೆ. ಕಾರ್ಡು ಅಚ್ಚಾಗುವ ಛಾಪಖಾನೆಗೆ ಒಂದು ಪ್ರತಿ ಹೋಗಿದೆ. ಮಕ್ಕಳ ಫೋಟೋ ತೆಗೆಯುವ ಸ್ಟುಡಿಯೋದವರು ಕೇಳಿದರೆಂದು ಅವರಿಗೂ ಒಂದು ಕೊಟ್ಟಿದ್ದಾರೆ. ಹೆಸರು ಸೇರಿಸಲು ಫಾರ್ಮು ಇದೆ. ತೆಗೆಯಲು ಫಾರ್ಮು ಬಂದಿಲ್ಲ, ಈವರೆಗೆ ಯಾರೂ ಕೇಳಿಲ್ಲ.

“ಕೂಸು ಹೋಗೇತ್ರೀ,” ಎಂದ ಭರಮಪ್ಪ. “ಇಲ್ಲದ ಕೂಸಿಗೆ ಹಾಲ ಕುಡಸ್ರಿ ಅಂತ ಬರೀತೀರಲ್ರಿ.”

ಹಾಗಾದರೆ ಮರಣದ ದಾಖಲೆ ತನ್ನಿ, ಮೇಲೆ ಕಳಿಸಿ ನೋಡೋಣ ಎಂದ ಕಾರಕೂನ. ಮೂರು ದಿನದ ಕೂಸು. ಹೆಸರು ಇಟ್ಟಿರಲಿಲ್ಲ, ಚಾವಡಿಯಲ್ಲಿ ಬರೆಸಿರಲಿಲ್ಲ. ಹುಟ್ಟಿದ್ದನ್ನೇ ಯಾವ ಸರಕಾರಿ ಪುಸ್ತಕವೂ ಕಂಡಿರಲಿಲ್ಲ. ಅದು ಇತ್ತೆಂದು ಬರವಣಿಗೆಯಲ್ಲಿದ್ದದ್ದು ಭರಮಪ್ಪನ ವಹಿಯಲ್ಲಿ, ಆಮೇಲೆ ಈ ಕಂಪನಿಯ ಯಾದಿಯಲ್ಲಿ. ಸತ್ತದ್ದಕ್ಕೆ ಸಾಕ್ಷಿ ಎಲ್ಲಿಂದ ತರುವುದು? ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎನ್ನುತ್ತಾರೆ. ಇಲ್ಲಿ ದೇವರು ಯಾರು, ಪೂಜಾರಿ ಯಾರು ಎಂಬುದೇ ತಿಳಿಯದೆ ಭರಮಪ್ಪ ಮಾಳಿಗೆ ಇಳಿದ. ಇಳಿಯುವಾಗ ಮುಂಬೈಯ ವಿಳಾಸವನ್ನು ಮಾತ್ರ ಒಂದು ಚೀಟಿಯ ಮೇಲೆ ಬರೆಸಿಕೊಂಡ.

ಪತ್ರ ಬರೆಯಲು ಮೂರು ದಿನ ತೆಗೆದುಕೊಂಡ. ಅದೇ ದುಂಡಗಿನ ಅಕ್ಷರ. ತಾನು ಯಾರು, ತಪ್ಪು ತನ್ನದು, ಸಂಶಿ ಗೌರಕ್ಕನ ಮಗಳ ಹೆಸರನ್ನು ದಯವಿಟ್ಟು ಹೊಡೆದುಹಾಕಬೇಕು, ಆ ಮನೆಯಲ್ಲಿ ಕೂಸು ಇಲ್ಲ ಎಂದು ಬರೆದು, ಕೆಳಗೆ ತನ್ನ ಹೆಸರು, ಓಣಿ, ಊರು, ತಾಲೂಕು ಎಲ್ಲ ಹಾಕಿ, ಟಪಾಲು ಡಬ್ಬಿಗೆ ಹಾಕಿ ಬಂದ. ಒಂದೂವರೆ ತಿಂಗಳಾದ ಮೇಲೆ ಉತ್ತರ ಬಂತು. ಕಲಘಟಗಿಯ ಟಪಾಲಿನ ಬಾಬಾಸಾಬ ಇಪ್ಪತ್ತು ವರ್ಷದಿಂದ ಆ ಓಣಿಗೆ ಬರುವವನು. ಅಂದು ಅವನು ಕಾರ್ಡನ್ನು ಕೈಯಲ್ಲಿ ಕೊಡದೆ ಕಟ್ಟೆಯ ಮೇಲಿಟ್ಟು, ಮುಖ ಅತ್ತ ತಿರುಗಿಸಿ ನಿಂತ.

‘ಪ್ರಿಯ ತಾಯಿ ಭರಮಪ್ಪ ಚಿತ್ರಗಾರ ಅವರೇ, ನಿಮ್ಮ ಮನೆಗೆ ಹೊಸ ಕಂದನ ಆಗಮನವಾದ ಈ ಶುಭ ಸಂದರ್ಭದಲ್ಲಿ ಹಾರ್ದಿಕ ಅಭಿನಂದನೆಗಳು.’

ಕಾರ್ಡು ಎಂದರೆ ತೆರೆದ ಕಾಗದ. ಬಾಬಾಸಾಬ ಯಾರಿಗೂ ಹೇಳಲಿಲ್ಲ, ಆದರೆ ಅದು ಅವನ ಕೈಗೆ ಬರುವ ಮೊದಲು ಇನ್ನೆಷ್ಟು ಕೈ ದಾಟಿತ್ತೋ. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಐವತ್ತೆರಡರ ಅನ್ನವ್ವ ನೀರಿಗೆ ಹೋದರೆ ಹೆಂಗಸರು ಹುಳಿ ತಿನ್ನುವ ಆಸೆ ಆಗಿದೆಯೇ ಎಂದು ಕೇಳಿದರು. ಭರಮಪ್ಪ ಸಿಟ್ಟಿನಿಂದ ಇನ್ನೊಂದು ಪತ್ರ ಬರೆದ, ಮೊದಲಿನದಕ್ಕಿಂತ ಉದ್ದದ್ದು. ಅದಕ್ಕೂ ಅದೇ ಅಭಿನಂದನೆ ಬಂತು. ಅಂದಿನಿಂದ ತಿಂಗಳಿಗೆ ಎರಡೆರಡು ಕಾರ್ಡು. ಕಂಪನಿಯ ಲೆಕ್ಕದಲ್ಲಿ ಭರಮಪ್ಪ ಅವಳಿಜವಳಿ ಹೆತ್ತಿದ್ದ. ಹೆಸರು ತೆಗೆಯಿರಿ ಎಂದು ಬರೆದರೆ ಬರೆದವನ ಹೆಸರು ಸೇರುತ್ತದೆ. ಮೂರನೆಯ ಪತ್ರ ಬರೆಯಲು ಅವನಿಗೆ ಧೈರ್ಯವಾಗಲಿಲ್ಲ.

ಊರು ನಕ್ಕಿತು, ಅದು ಹೋಗಲಿ. ಶಲವಡಿಯಲ್ಲಿ ನಗುವ ಹಾಗಿರಲಿಲ್ಲ. ತನಗೆ ಕಾರ್ಡು ಬಂದಾಗಲೆಲ್ಲ ಇಂಥದ್ದೇ ಇನ್ನೊಂದು ಇವತ್ತು ಅಲ್ಲಿಯೂ ಇಳಿದಿದೆ ಎಂದು ಭರಮಪ್ಪ ಲೆಕ್ಕ ಹಾಕುತ್ತಿದ್ದ. ಮುಂಬೈ ಕೇಳದಿದ್ದರೆ ಬೇಡ, ಶಲವಡಿಯ ಟಪಾಲು ಕಚೇರಿಯಲ್ಲೇ ತಡೆಯೋಣ ಎಂದು, ೧೯೮೫ರ ಫಾಲ್ಗುಣದಲ್ಲಿ ಹುಬ್ಬಳ್ಳಿಗೆ ಹೋಗಿ, ಅಣ್ಣಿಗೇರಿಯ ಬಸ್ಸು ಹಿಡಿದು, ಅಲ್ಲಿಂದ ಮತ್ತೊಂದು ಬಸ್ಸಿಗೆ ಶಲವಡಿ ಮುಟ್ಟಿದ. ಕರಿ ಎರಿ ಮಣ್ಣಿನ ಬಯಲು, ಎತ್ತ ನೋಡಿದರೂ ಒಂದು ಮರದ ನೆರಳಿಲ್ಲ.

ಟಪಾಲು ಕಚೇರಿ ಎಂದರೆ ಮಡಿವಾಳೆಪ್ಪ ಎಂಬ ಮಾಸ್ತರರ ಮನೆಯ ಮುಂದಿನ ಕೋಣೆ. ಶಿಸ್ತಿನ ಮನುಷ್ಯ, ಹಣೆಯ ತುಂಬ ವಿಭೂತಿ. ಭರಮಪ್ಪ ಎಲ್ಲವನ್ನೂ ಬಿಚ್ಚಿ ಹೇಳಿ, ಆ ಕಾರ್ಡು ಬಂದರೆ ದಯವಿಟ್ಟು ಹರಿದುಹಾಕಿ, ಇಲ್ಲವೆ ಒಟ್ಟು ಮಾಡಿ ಇಡಿ, ನಾನೇ ತಿಂಗಳಿಗೊಮ್ಮೆ ಬಂದು ಒಯ್ಯುತ್ತೇನೆ ಎಂದು ಕೈಮುಗಿದ. ಮಡಿವಾಳೆಪ್ಪ ಕೇಳಿದ, ಮರುಗಿದ, ತಲೆ ಅಲ್ಲಾಡಿಸಿದ.

“ಒಬ್ಬರ ಟಪಾಲು ಇನ್ನೊಬ್ಬರ ಕೈಯಾಗ ಕೊಡೂ ಹಂಗಿಲ್ರಿ. ಕಾಯ್ದೆ ಐತಿ. ನಾಳೆ ನಿಮ್ಮದೂ ಹಿಂಗ ಯಾರರೆ ಕೇಳಿದ್ರ ಕೊಡ್ಲೇನು?”

ಭರಮಪ್ಪನಿಗೆ ಆ ಗೋಡೆಗೆ ತಲೆ ಹೊಡೆದುಕೊಳ್ಳಬೇಕೆನಿಸಿತು. ಒಂದು ತುಂಡು ಕಾಗದವನ್ನು ಕಾಯುವುದಕ್ಕೆ ಇಷ್ಟು ದೊಡ್ಡ ಕಾಯಿದೆ. ಆ ಕಾಗದದ ಮೇಲಿನ ಹೆಸರು ಮನೆ ಬಿಟ್ಟು ಮುಂಬೈಗೆ ಹೋಗುವಾಗ ಈ ಕಾಯಿದೆ ಎಲ್ಲಿ ಮಲಗಿತ್ತು? ಹಾಗೆಂದು ಕೇಳುವ ಹಕ್ಕು ತನಗಿಲ್ಲವೆಂಬುದೂ ಗೊತ್ತಿತ್ತು. ಮನೆಯ ಬಾಗಿಲು ತೆರೆದುಕೊಟ್ಟವನು ತಾನೇ. ಕಾರ್ಡು ಒಲ್ಲೆವೆಂದರೆ ಆಕೆಯೇ ಹೇಳಬೇಕು, ಪ್ರತಿ ಸಲವೂ ನೋಡಿ, ಗುರುತಿಸಿ, ಒಲ್ಲೆನೆಂದು ಬರೆದುಕೊಡಬೇಕು ಎಂದು ಮಡಿವಾಳೆಪ್ಪ ತಿಳಿಸಿದ. ಆಮೇಲೆ ದನಿ ತಗ್ಗಿಸಿ, ಅತ್ತೆಯ ಕಿವಿಗೆ ಬೀಳಬಾರದೆಂದು ಈಗ ಆ ಹುಡುಗಿಯೇ ಇಲ್ಲಿಗೆ ಬಂದು ಒಯ್ಯುತ್ತಾಳೆ, ಬರುವ ಹೊತ್ತಾಯಿತು ಎಂದ.

ಭರಮಪ್ಪ ಎದ್ದು ಹೋಗಬೇಕಿತ್ತು. ಹೋಗಲಿಲ್ಲ. ತಲೆಯ ಮೇಲೆ ಸೆರಗು ಹೊದ್ದ, ಇಪ್ಪತ್ತು ಇಪ್ಪತ್ತೆರಡರ ಹೆಣ್ಣುಮಗಳು ಬಂದು ಹೊಸಿಲ ಹೊರಗೆ ನಿಂತು ಕೈ ಚಾಚಿದಳು. ಎಷ್ಟೋ ತೊಟ್ಟಿಲು ಮಾಡಿದವನು ಆ ತಾಯಂದಿರಲ್ಲಿ ಒಬ್ಬಳ ಮುಖವನ್ನೂ ಹೀಗೆ ಎದುರಾಎದುರು ನೋಡಿರಲಿಲ್ಲ. ಅವಳು ಕಾರ್ಡನ್ನು ನಿಂತಲ್ಲೇ ಓದಿದಳು. ತುಟಿ ಅಲ್ಲಾಡಿಸಿ, ಬೆರಳು ಇಟ್ಟು, ನಿಧಾನವಾಗಿ.

“ಹಲ್ಲ ಬರೂ ಹೊತ್ತಂತ್ರಿ, ಕಾಕಾ,” ಎಂದಳು ಮಡಿವಾಳೆಪ್ಪನಿಗೆ. ಮಾಮೂಲಿ ದನಿ, ಪಕ್ಕದ ಮನೆಯ ಕೂಸಿನ ಸುದ್ದಿ ಹೇಳುವ ಹಾಗೆ. ಕಾರ್ಡನ್ನು ಕುಬಸದೊಳಗೆ ಇಟ್ಟುಕೊಂಡು ಹೋದಳು. ಏಳು ತಿಂಗಳ ಏಳು ಕಾರ್ಡನ್ನೂ ಒಂದು ಕಡೆ ಕೂಡಿಟ್ಟಿದ್ದಾಳೆಂದು ಮಡಿವಾಳೆಪ್ಪ ಹೇಳಿದ. ಮೊದಲಿನ ಮೂರನ್ನು ತಾಯಿ ಒಯ್ದಿದ್ದಳು, ಹಟ ಮಾಡಿ ತಿರುಗಿ ತರಿಸಿಕೊಂಡಳಂತೆ.

ತಾನು ಯಾರೆಂದು ಭರಮಪ್ಪ ಅವಳಿಗೆ ಹೇಳಲಿಲ್ಲ. ನಾಚಿಕೆಯಾಯಿತು, ಹೆದರಿಕೆಯೂ ಆಯಿತು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತ. ಪಕ್ಕದಲ್ಲಿ ಕೂತವನು ಯಾರಾದರೂ ತೀರಿಕೊಂಡರೇ ಎಂದು ಕೇಳಿದ್ದಕ್ಕೆ ಹೌದೆಂದು ತಲೆಯಾಡಿಸಿದ.

ಊರಿಗೆ ಬಂದವನು ವಹಿಗೆ ದಾರ ಸುತ್ತಿ ಗೂಡಿನಲ್ಲಿ ಹಿಂದಕ್ಕೆ ತಳ್ಳಿದ. ಅಪ್ಪನ ಗೂಟಕ್ಕೆ ನೂಲು ಕಟ್ಟಿದ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾ­ಗಿಲು ಹಾಕಿದರು ಎಂದು ಅನ್ನವ್ವ ಅಂದಳು, ತಪ್ಪೇನಿರಲಿಲ್ಲ. ಕಟ್ಟಲು ಎಳೆಗಳೂ ಹೆಚ್ಚಿರಲಿಲ್ಲ. ಮಾತು ಹಬ್ಬಿತ್ತು. ವರ್ಷಕ್ಕೆ ಇಪ್ಪತ್ತು ತೊಟ್ಟಿಲು ಹೋಗುತ್ತಿದ್ದ ಮನೆಯಿಂದ ಆ ವರ್ಷ ಆರು ಹೋದವು. ಭರಮಪ್ಪನಿಗೆ ಹೇಳಿದರೆ ಮುಂಬೈಗೆ ಹೇಳಿದಂತೆ ಎಂದು ಸಂತೆಯಲ್ಲಿ ಒಬ್ಬಳು ಅಂದದ್ದು ಅವನ ಕಿವಿಗೇ ಬಿತ್ತು. ಅವನು ಜಗಳಕ್ಕೆ ಹೋಗಲಿಲ್ಲ. ಸುಳ್ಳೇನಾದರೂ ಅಂದಿದ್ದರೆ ಹೋಗಬಹುದಿತ್ತು.

ವಹಿ ಸುಟ್ಟುಬಿಡಿ ಎಂದು ಅನ್ನವ್ವ ಹತ್ತು ಸಲ ಹೇಳಿರಬೇಕು. ಸುಡಲಿಲ್ಲ. ಗೌರಕ್ಕ ಕೇಳಿಕೊಂಡು ಬಂದರೆ ಅವಳೆದುರಿಗೆ ಆ ಹಾಳೆ ಹರಿಯಬೇಕು, ಅವಳ ಕಣ್ಣಿಗೆ ಕಾಣುವಂತೆ ಹರಿಯಬೇಕು ಎಂಬುದು ಅವನ ಹಟ. ಅದೊಂದನ್ನಾದರೂ ನೆಟ್ಟಗೆ ಮಾಡುತ್ತೇನೆ ಎಂದು ಕಾದ. ಗುಂಡುಕಲ್ಲು ಮಲಗಿದ ತೊಟ್ಟಿಲೂ ಮೂಲೆಯಲ್ಲಿ ಕಾಯುತ್ತಿತ್ತು. ಕೇಳಿದ ಇಬ್ಬರಿಗೆ ಅದು ಕೊಡುವುದಲ್ಲ ಎಂದು ಕಳಿಸಿದ.

ಗೌರಕ್ಕ ಬಂದದ್ದು ೧೯೮೬ರ ಬೇಸಿಗೆಯಲ್ಲಿ. ಈ ಸಲ ಕಟ್ಟೆಯ ಮೇಲೆ ಕೂತಳು. ಅನ್ನವ್ವ ಕೊಟ್ಟ ನೀರು ಕುಡಿದಳು. ಮಳೆಯ ಮಾತಾಡಲಿಲ್ಲ.

“ನಿಮ್ಮ ವಹಿಯೊಳಗ ನನ್ನ ಮಗಳ ಹೆಸರು ಇನ್ನೂ ಐತೇನ್ರಿ?”

ಭರಮಪ್ಪ ಓಡಿದಂತೆ ಒಳಗೆ ಹೋಗಿ ವಹಿ ತಂದ. ದಾರ ಬಿಚ್ಚಿ, ಹಾಳೆ ತೆಗೆದು, ಅವಳಿಗೆ ತೋರಿಸಿ, ಹೊಲಿಗೆಯ ಗುಂಟ ನಿಧಾನವಾಗಿ ಹರಿದು ಅವಳ ಕೈಯಲ್ಲಿಟ್ಟ. ಒಂದೂವರೆ ವರ್ಷದಿಂದ ಎದೆಯ ಮೇಲಿದ್ದ ಕಲ್ಲು ಇಳಿದಂತಾಯಿತು. ಗೌರಕ್ಕನಿಗೆ ಓದಲು ಬರುತ್ತಿತ್ತು. ಮಗಳ ಹೆಸರಿನ ಮೇಲೆ ಪೆನ್ಸಿಲ್ಲಿನ ದಪ್ಪ ತಿದ್ದು ಹಾಗೇ ಇತ್ತು. ಅವಳು ಅದನ್ನು ನೋಡಿದಳು, ಹಾಳೆಯನ್ನು ಸಣ್ಣದಾಗಿ ಮಡಚಿದಳು.

“ಇದೊಂದ ಐತೇನ್ರಿ?”

ಭರಮಪ್ಪ ಬಾಯಿ ತೆರೆದ. ಮಾಳಿಗೆಯ ಮೇಲಿನ ಕಾರಕೂನ ಕಣ್ಣ ಮುಂದೆ ಬಂದ. ಛಾಪಖಾನೆಯಲ್ಲಿ ಒಂದು. ಸ್ಟುಡಿಯೋದಲ್ಲಿ ಒಂದು. ಮುಂಬೈಯಲ್ಲಿ ಎಷ್ಟೋ. ಅಲ್ಲಿಂದ ಇನ್ನೆಲ್ಲಿಗೋ. ಹೌದೆನ್ನಲು ಆಗಲಿಲ್ಲ, ಇಲ್ಲವೆನ್ನಲು ನಾಲಿಗೆ ಬರಲಿಲ್ಲ. ಬಾಯಿ ಮುಚ್ಚಿದ. ಬಾಯಿ ಮುಚ್ಚಿಕೊಂಡಿರುವುದೇ ದೊಡ್ಡ ಗುಣವೆಂದು ತಿಳಿದು ಬದುಕಿದವನು, ಅಂದು ಆ ಮೌನದ ಮುಂದೆ ಕಳ್ಳನ ಹಾಗೆ ಕೂತ.

ಗೌರಕ್ಕ ಹಾಳೆಯನ್ನು ಚೀಲಕ್ಕೆ ಹಾಕಿಕೊಂಡು ಎದ್ದಳು. ಮೂಲೆಯಲ್ಲಿದ್ದ ಕಂಬಳಿಯ ಕಡೆ ಒಮ್ಮೆ ನೋಡಿದಳು.

“ಆ ತೊಟ್ಟಿಲಾ ಯಾರಿಗರೆ ಕೊಟ್ಟಬಿಡ್ರಿ. ನಮ್ಮ ಮನ್ಯಾಗ ನನ್ನ ಹಳೇ ಸೀರಿ ಅದಾವ, ಜೋಳಗಿ ಕಟ್ಟತೇವಿ.”

ಹಳೆಯ ಸೀರೆಯ ಜೋಳಿಗೆ, ಕೂಸು ಮಲಗಿಸುವುದಕ್ಕೆ. ಕಸುಬಿನವನ ತಲೆ ತಡ ಮಾಡಲಿಲ್ಲ. ಅವನ ಮುಖ ಅರಳಿದ್ದನ್ನು ಗೌರಕ್ಕ ಕಂಡಳು. ತಾನು ಹೇಳಬಾರದೆಂದಿದ್ದದ್ದನ್ನು ಹೇಳಿಬಿಟ್ಟೆನೆಂದು ಅವಳಿಗೂ ಆಗಲೇ ಹೊಳೆಯಿತು. ಹೊಸಿಲಲ್ಲಿ ನಿಂತು ತಿರುಗಿದಳು.

“ಈಗ ನಿಮಗ ತಿಳಿದದ್ದನ್ನ ಎಲ್ಲೀ ಬರೀಬ್ಯಾಡ್ರಿ. ಕೈಮುಗೀತೀನಿ.”

ಕೈ ಮುಗಿದೂ ಮುಗಿದಳು, ಅವನಿಗೆ.

ಭರಮಪ್ಪ ಬರೆಯಲಿಲ್ಲ. ಗೂಟಕ್ಕೆ ಎಳೆ ಕಟ್ಟಲಿಲ್ಲ. ಯಾವ ತಿಂಗಳೆಂದು ಮನಸ್ಸು ಲೆಕ್ಕ ಹಾಕಲು ಹೊರಟರೆ ಅದನ್ನೂ ತಡೆದ. ಮಳೆಗಾಲ ಹೋಯಿತು, ದೀಪಾವಳಿ ಹೋಯಿತು. ಅವನ ಸ್ವಂತ ಅವಳಿಜವಳಿಗಳಿಗೆ ಎರಡು ವರ್ಷ ತುಂಬಿತೆಂದು ಬಾಬಾಸಾಬ ಎರಡು ಕಾರ್ಡು ಕಟ್ಟೆಯ ಮೇಲಿಟ್ಟು ಹೋದ. ಸಂಶಿಯ ಕಡೆಯವರು ಆಗಾಗ ಬಸ್‌ಸ್ಟ್ಯಾಂಡಿನಲ್ಲಿ ಸಿಗುತ್ತಿದ್ದರು. ಅವರೊಂದಿಗೆ ಅವನು ಜೋಳದ ಬಗ್ಗೆ ಮಾತಾಡಿದ, ಮೆಣಸಿನಕಾಯಿಯ ಬಗ್ಗೆ ಮಾತಾಡಿದ. ಗೌರಕ್ಕನ ಮಗಳ ಕೂಸು ಹುಟ್ಟಿತೋ, ಈ ಸಲ ಉಳಿಯಿತೋ ಎಂದು ಕೇಳಲಿಲ್ಲ. ಕೇಳಬಾರದವನಾಗಿದ್ದ. ಯಾರೂ ಹೇಳಲೂ ಇಲ್ಲ.